ಅಕ್ಕನ ಆರ್‌ಎ, ಭಾವನ ಕೊನೆಯ ಕೆಲಸದ ದಿನ: ಒಂದು ವಿಮಾ ಪ್ರಕರಣ

ಭಾವ ಫೋನ್ ಮಾಡಿದ್ದು 2024ರ ಸೆಪ್ಟೆಂಬರ್ ಮೊದಲ ವಾರ. ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು. "ನಮ್ಮ ಲೈನ್ ಮುಚ್ತಿದಾರೆ ಕಣಪ್ಪ. ಅಕ್ಟೋಬರ್ 31ಕ್ಕೆ ಕೊನೆ" ಅಂದರು. ಪಿಎಫ್, ಗ್ರಾಚ್ಯುಯಿಟಿ, ಮಗಳ ಕಾಲೇಜು ಫೀಸು ಎಲ್ಲ ಮಾತಾಡಿ ಮುಗಿಸಿ, ಫೋನ್ ಇಡುವ ಹೊತ್ತಿಗೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ನಿಮ್ಮಕ್ಕನ ಇನ್ಫ್ಯೂಷನ್ ಅದೇ ಟೈಮಿಗೆ ಬರುತ್ತೆ ನೋಡು." ಅಕ್ಕನ ಕೀಲಿನ ಕಾಯಿಲೆಗೆ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ಔಷಧಿ ಅದು.

ಅಲ್ಲಿಂದ ಮುಂದಿನ ಹದಿನಾಲ್ಕು ತಿಂಗಳಲ್ಲಿ ಏನೇನು ನಡೆಯಿತು ಎಂಬುದನ್ನು ತಾರೀಖು ಸಮೇತ ಬರೆದಿಡುತ್ತಿದ್ದೇನೆ. ನಾನು ವಿಮಾ ಏಜೆಂಟನಲ್ಲ, ಲೆಕ್ಕಪತ್ರದ ಕೆಲಸದವನು. ಆದರೆ ದೀರ್ಘಕಾಲದ ಕಾಯಿಲೆ ಇರುವವರ ಮನೆಯಲ್ಲಿ ಕೆಲಸ ಹೋದಾಗ ಎಲ್ಲರೂ ಸಂಬಳದ ಲೆಕ್ಕ ಹಾಕುತ್ತಾ ಕೂರುತ್ತಾರೆ, ವಿಮೆಯ ಗಡುವು ಸದ್ದಿಲ್ಲದೆ ದಾಟಿಹೋಗುತ್ತದೆ. ನಮ್ಮದೂ ದಾಟಿಹೋಗುವುದರಲ್ಲಿತ್ತು.

ಮೊದಲು ಕಾಯಿಲೆಯ ವಿಷಯ. ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ ಅಂತ ಗೊತ್ತಾದದ್ದು 2017ರಲ್ಲಿ. ಊರಿನವರು ಆಮವಾತ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಬರೀ ಆರ್‌ಎ. ವಯಸ್ಸಾದವರ ಮಂಡಿ ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಬೆಳಗ್ಗೆ ಎದ್ದ ಒಂದೂವರೆ ಗಂಟೆ ಅವಳ ಬೆರಳು ಮಡಚುತ್ತಿರಲಿಲ್ಲ. ಕುಕ್ಕರಿನ ಮುಚ್ಚಳ ತಿರುಗಿಸಲು ಮಗಳನ್ನು ಕೂಗಬೇಕಿತ್ತು. ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆ ಕೆಲವು ವರ್ಷ ತಡೆಯಿತು, ಆಮೇಲೆ ಅದೊಂದರಿಂದಲೇ ಸಾಲದಾಯಿತು. ಹಾಗಾಗಿ ರಿಟುಕ್ಸಿಮ್ಯಾಬ್ ಶುರುವಾಯಿತು. ಎರಡು ವಾರದ ಅಂತರದಲ್ಲಿ 1000 ಮಿ.ಗ್ರಾಂನ ಎರಡು ಡೋಸು, ಡ್ರಿಪ್ ಮೂಲಕ. ಸುಮಾರು 24 ವಾರಕ್ಕೊಮ್ಮೆ ಮತ್ತೆ ಅದೇ ಸುತ್ತು. ಬೆಳಗ್ಗೆ ಹೋದರೆ ಸಂಜೆ ಮನೆಗೆ. ಮಾತ್ರೆಯ ಖರ್ಚು ಯಾವ ವಿಮೆಗೂ ಸೇರದಿದ್ದರೂ ನಾವು ಹೇಗೋ ತೂಗಿಸಬಹುದು, ಡ್ರಿಪ್‌ನ ಬಿಲ್ಲು ಹಾಗಲ್ಲ. ಅದು ನಿಂತರೆ ಕೀಲು ಹಾಳಾಗುವುದು ಮತ್ತೆ ಶುರು, ಒಮ್ಮೆ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.

ಈಗ ಅವಳು ಯಾವ ಯಾವ ನೆರಳಲ್ಲಿ ಇದ್ದಳು ಅನ್ನೋದು. 2017ರ ಜನವರಿಯಲ್ಲಿ ಇಎಸ್‌ಐ (ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ವಿಮೆ) ಸಂಬಳದ ಮಿತಿ ತಿಂಗಳಿಗೆ 15,000ದಿಂದ 21,000 ರೂಪಾಯಿಗೆ ಏರಿತು. ಆಗ ಭಾವ ಇಎಸ್‌ಐ ಒಳಗೆ ಬಂದರು, ಅದೇ ಜುಲೈನ ಇಂಕ್ರಿಮೆಂಟ್ ಅವರನ್ನು 21,000 ದಾಟಿಸಿತು. ಇಎಸ್‌ಐನಲ್ಲಿ ಸಂಬಳ ಮಿತಿ ದಾಟಿದ ದಿನವೇ ಹೊರಗೆ ಹಾಕುವುದಿಲ್ಲ. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅದಕ್ಕೆ ತಕ್ಕ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟಿದ ಕಾರಣ 2018ರ ಜೂನ್‌ವರೆಗೂ ಅವಳಿಗೆ ಔಷಧಿ ಸಿಗುತ್ತಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಜನ ಇಂಕ್ರಿಮೆಂಟ್ ಬಂದ ತಿಂಗಳೇ ಡಿಸ್ಪೆನ್ಸರಿಗೆ ಹೋಗುವುದು ಬಿಡುತ್ತಾರೆ. ಇಎಸ್‌ಐ ದಾಟಿದವರಿಗೆ ಕಾರ್ಖಾನೆ ಗುಂಪು ವಿಮೆ ಮಾಡಿಸುತ್ತಿತ್ತು. 2017ರ ಅಕ್ಟೋಬರ್ 1ರಿಂದ ಭಾವ, ಅಕ್ಕ, ಮಗಳು ಅದರಲ್ಲಿ ಸೇರಿದರು. ಗುಂಪು ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ, ಅಂದರೆ ಪಾಲಿಸಿ ಇದ್ದರೂ ಆ ಕಾಯಿಲೆಗೆ ಹಣ ಸಿಗದ ಕಾಲ, ಸಾಮಾನ್ಯವಾಗಿ ಇರುವುದಿಲ್ಲ, ಇವರದರಲ್ಲೂ ಇರಲಿಲ್ಲ. ಏಳು ವರ್ಷ ಆ ನೆರಳಲ್ಲಿ ನೆಮ್ಮದಿಯಾಗಿದ್ದರು. ಅದರ ಕಾಗದ ಹೇಗಿದೆ ಎಂದು ಯಾರೂ ತೆರೆದು ನೋಡಿರಲಿಲ್ಲ.

ತಪ್ಪಾದ ಮೊದಲ ಹೆಜ್ಜೆ

ಸೆಪ್ಟೆಂಬರ್ 22, ಭಾನುವಾರ, ದಾಸರಹಳ್ಳಿಯ ಅವರ ಮನೆಗೆ ಹೋದೆ. ಭಾವ ಖುಷಿಯಿಂದಲೇ ಒಂದು ಪಾಲಿಸಿ ಮುಂದಿಟ್ಟರು. ಪರಿಚಯದ ಏಜೆಂಟರೊಬ್ಬರು ಮೊಬೈಲಿನಲ್ಲೇ ಮಾಡಿಕೊಟ್ಟದ್ದು, ಬೇರೆ ವಿಮಾ ಕಂಪನಿಯದು, 5 ಲಕ್ಷದ ಫ್ಲೋಟರ್, ಅಂದರೆ ಇಡೀ ಕುಟುಂಬಕ್ಕೆ ಸೇರಿ ಒಂದೇ ಮೊತ್ತ. ದುಡ್ಡು ಕಟ್ಟಿಯಾಗಿತ್ತು. ಅದರ ಹಿಂದೆ ಪ್ರಸ್ತಾವನೆ ಫಾರಂನ ಪ್ರತಿ ಲಗತ್ತಾಗಿತ್ತು. ಅಕ್ಕನ ಹೆಸರಿನ ಕೆಳಗೆ ಪ್ರಶ್ನೆಗಳ ಸಾಲು: ಬಿಪಿ, ಶುಗರ್, ಹೃದಯ, ಕಿಡ್ನಿ, ಕೀಲು ಅಥವಾ ಮೂಳೆಯ ತೊಂದರೆ, ಯಾವುದಾದರೂ ಔಷಧಿ ನಿತ್ಯ ತೆಗೆದುಕೊಳ್ಳುತ್ತೀರಾ. ಎಲ್ಲದರ ಮುಂದೆ "ಇಲ್ಲ", "ಇಲ್ಲ", "ಇಲ್ಲ".

"ಇದನ್ನ ಯಾರು ತುಂಬಿದ್ದು ಭಾವ?"

"ಅವರೇ. ಹೇಳಿದ್ರೆ ಪಾಲಿಸಿ ಕೊಡಲ್ಲ, ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ರು."

ಒಟಿಪಿ ಹೇಳಿದ್ದು ಭಾವ. ಅಂದರೆ ಕಾನೂನಿನ ಕಣ್ಣಲ್ಲಿ ಬರೆದದ್ದೂ ಭಾವನೇ. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಆ ಚಿತ್ರ ಮತ್ತು ಆ "ಇಲ್ಲ"ಗಳ ಸಾಲು ಎರಡನ್ನೂ ಒಟ್ಟಿಗೆ ನೋಡಿದಾಗ ನನಗೆ ಭಾವನ ಮೇಲೆ ಸಿಟ್ಟು ಬರಲಿಲ್ಲ. ಹೆಂಡತಿಯ ಚಿಕಿತ್ಸೆ ನಿಲ್ಲಬಾರದು ಅಂತಲೇ ಅವರು ಓಡಿದ್ದು. ಸಿಟ್ಟು ಬಂದದ್ದು ಆ ಸಲಹೆ ಕೊಟ್ಟವರ ಮೇಲೆ.

ಯಾಕೆಂದರೆ ಆ ಪಾಲಿಸಿ ಬರೀ ಕಾಗದ. ರಿಟುಕ್ಸಿಮ್ಯಾಬ್‌ಗೆ ಕ್ಯಾಷ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಕೇಳಿದ ದಿನ ಆಸ್ಪತ್ರೆಯ ಪತ್ರದಲ್ಲೇ "ಆರ್‌ಎ, 7 ವರ್ಷದಿಂದ" ಎಂದು ಇರುತ್ತದೆ. ಕ್ಲೇಮು ತಿರಸ್ಕಾರವಾಗುವುದಷ್ಟೇ ಅಲ್ಲ, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪಾಲಿಸಿಯೇ ರದ್ದಾಗಬಹುದು. ಭಾವನಿಗೆ ನಾಳೆ ಅಪೆಂಡಿಕ್ಸ್ ಆದರೆ ಅದಕ್ಕೂ ರಕ್ಷಣೆ ಇಲ್ಲ. "ಐದು ವರ್ಷ ಆದ್ಮೇಲೆ ಏನೂ ಕೇಳಂಗಿಲ್ವಂತೆ" ಎಂದು ಭಾವ ಮೊರಟೋರಿಯಂ ಮಾತು ತೆಗೆದರು. ಹೌದು, 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಅದನ್ನು 8 ವರ್ಷದಿಂದ 5 ವರ್ಷಕ್ಕೆ, ಅಂದರೆ 60 ತಿಂಗಳಿಗೆ ಇಳಿಸಿದೆ. ಅಷ್ಟು ಕಾಲ ಸತತವಾಗಿ ಪಾಲಿಸಿ ನಡೆದ ಮೇಲೆ ಮಾಹಿತಿ ಕೊಟ್ಟಿಲ್ಲ ಎಂಬ ನೆಪದಲ್ಲಿ ಕ್ಲೇಮು ತಳ್ಳುವಂತಿಲ್ಲ. ಆದರೆ ಸಾಬೀತಾದ ವಂಚನೆ ಆ ರಕ್ಷಣೆಯ ಹೊರಗೆ. ಅದಕ್ಕಿಂತ ದೊಡ್ಡ ಮಾತು, ಆರು ತಿಂಗಳಿಗೊಮ್ಮೆ ಡ್ರಿಪ್ ಬೇಕಾದವಳು 60 ತಿಂಗಳು ಆಸ್ಪತ್ರೆ ಕಡೆ ತಲೆ ಹಾಕದೆ ಇರುವುದು ಹೇಗೆ?

ಹೊಸ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂತಿರುಗಿಸುವ ಹಕ್ಕು ಇದೆ, ಫ್ರೀ ಲುಕ್ ಅನ್ನುತ್ತಾರೆ. ಪಾಲಿಸಿ ಇಮೇಲ್‌ಗೆ ಬಂದದ್ದು ಸೆಪ್ಟೆಂಬರ್ 16ರಂದು. ನಾನು ಹೋದ 22ರ ರಾತ್ರಿಯೇ ರದ್ದತಿ ಪತ್ರ ಕಳಿಸಿದೆವು. ಕಳೆದ ದಿನಗಳ ಪಾಲು ಮತ್ತು ಸ್ಟ್ಯಾಂಪ್ ಶುಲ್ಕ ಹಿಡಿದು ಉಳಿದ ಹಣ ವಾಪಸ್ ಬಂತು.

ಸರಿಯಾದ ಬಾಗಿಲು

ಭಾವನಿಗೆ ಇದ್ದ ದಾರಿ ಬೇರೆಯದೇ. ಗುಂಪು ವಿಮೆಯಿಂದ ಹೊರಬರುವ ಸದಸ್ಯ ಮತ್ತು ಅವನ ಕುಟುಂಬದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಇಲ್ಲವೇ ಫ್ಲೋಟರ್ ಪಾಲಿಸಿಗೆ ಹೋಗಬಹುದು. ಇದಕ್ಕೆ ಮೈಗ್ರೇಷನ್ ಎಂದು ಹೆಸರು. ಹೀಗೆ ಹೋದಾಗ ಗುಂಪಿನಲ್ಲಿ ಸತತವಾಗಿ ಕಳೆದ ಕಾಲವನ್ನು ಹೊಸ ಪಾಲಿಸಿಯ ಕಾಯುವ ಅವಧಿಯಿಂದ ವಜಾ ಮಾಡಬೇಕು. ಜನ ಇದನ್ನೂ ಪೋರ್ಟಿಂಗ್ ಎಂದೇ ಕರೆಯುತ್ತಾರೆ, ಆದರೆ ಪೋರ್ಟ್ ಎಂದರೆ ಕಂಪನಿಯಿಂದ ಕಂಪನಿಗೆ. ಗುಂಪಿನಿಂದ ಬರುವವರು ಮೊದಲು ಅದೇ ಕಂಪನಿಯಲ್ಲಿ ಕಾಲೂರಬೇಕು, ಪೋರ್ಟ್ ಆಮೇಲಿನ ಮಾತು.

ಕಾಯುವ ಅವಧಿಯ ಬೆಲೆ ಆರೋಗ್ಯವಂತರಿಗೆ ಗೊತ್ತಾಗುವುದಿಲ್ಲ. ಮೊದಲೇ ಇರುವ ಕಾಯಿಲೆಗೆ ಕಂಪನಿ ಗರಿಷ್ಠ 36 ತಿಂಗಳು ಕಾಯಿಸಬಹುದು (2024ಕ್ಕೆ ಮೊದಲು 48 ಇತ್ತು). ಅಕ್ಕನ ಲೆಕ್ಕದಲ್ಲಿ 36 ತಿಂಗಳೆಂದರೆ ಆರು ಸುತ್ತು ರಿಟುಕ್ಸಿಮ್ಯಾಬ್, ಹನ್ನೆರಡು ಡ್ರಿಪ್, ಅಷ್ಟೂ ಸ್ವಂತ ದುಡ್ಡು. ಕೈಯಲ್ಲಿರುವ ಏಳು ವರ್ಷವನ್ನು ಎಸೆದು ಹೊಸ ಪಾಲಿಸಿ ಕೊಳ್ಳುವುದೆಂದರೆ ಇದು.

ಇನ್ನೊಂದು ವ್ಯತ್ಯಾಸವೂ ಇದೆ. ಬೇರೆ ಕಂಪನಿಗೆ ಹೊಸದಾಗಿ ಹೋದರೆ ಆರ್‌ಎ ಎಂಬ ಒಂದೇ ಪದಕ್ಕೆ ಅವರು ಬೇಡ ಎನ್ನಬಹುದು. ನಾವೂ ನಿಜ ಬರೆದು ಎರಡು ಕಡೆ ವಿಚಾರಿಸಿ ನೋಡಿದೆವು. ಒಂದು ಕಡೆಯಿಂದ ಇಲ್ಲ ಎಂದು ಬಂತು, ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಮೈಗ್ರೇಷನ್‌ನಲ್ಲೂ ಗುಂಪಿನಿಂದ ಬರುವವರ ಆರೋಗ್ಯವನ್ನು ಕಂಪನಿ ಪರಿಶೀಲಿಸುತ್ತದೆ, ಪ್ರೀಮಿಯಂ ಏರಿಸಬಹುದು. ಆದರೂ ಆ ಬಾಗಿಲು ತಟ್ಟುವ ಹಕ್ಕಾದರೂ ನಮ್ಮದು. ತಟ್ಟಬೇಕಾದದ್ದು ಗುಂಪು ವಿಮೆ ಇನ್ನೂ ಜೀವಂತ ಇರುವಾಗಲೇ. ಅಕ್ಟೋಬರ್ 31ರ ಮಧ್ಯರಾತ್ರಿಗೆ ಕವರ್ ಮುಗಿಯುತ್ತದೆ ಎಂದು ಎಚ್‌ಆರ್ ಇಮೇಲಿನಲ್ಲಿ ಬರೆದುಕೊಟ್ಟಿದ್ದರು. ಬಾಯಿಮಾತಲ್ಲಿ ಹೇಳಿದರೆ ಸಾಲದು ಎಂದು ನಾನೇ ಕೇಳಿ ಬರೆಸಿದ್ದು.

ಸೆಪ್ಟೆಂಬರ್ 25ಕ್ಕೆ ಅರ್ಜಿ ಹೋಯಿತು. ಈ ಸಲ ಫಾರಂ ತುಂಬಿದ್ದು ಅಕ್ಕ. ಕೀಲಿನ ಪ್ರಶ್ನೆಯ ಮುಂದೆ "ಹೌದು" ಎಂದು ಬರೆದು, ಕಾಯಿಲೆ ಶುರುವಾದ ವರ್ಷ, ಔಷಧಿಗಳ ಹೆಸರು, ಡೋಸು, ಕೊನೆಯ ಇನ್ಫ್ಯೂಷನ್ ದಿನಾಂಕ ಎಲ್ಲ ಸೇರಿಸಿದಳು. ಜಾಗ ಸಾಲದೆ ಒಂದು ಬಿಳಿ ಹಾಳೆ ಲಗತ್ತಿಸಿದೆವು.

ಸರ್ಕಾರಿ ಯೋಜನೆಯನ್ನೂ ನೋಡಿದೆವು. ಅವರದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಅದೂ 1.5 ಲಕ್ಷದ ಮಿತಿಯಲ್ಲಿ. ದೊಡ್ಡ ಆಪತ್ತಿಗೆ ಇರಲಿ ಎಂದು ಕಾರ್ಡ್ ಮಾಡಿಸಿದೆವು. ಅದನ್ನೇ ನೆಚ್ಚಿ ಕೂರುವಂತಿರಲಿಲ್ಲ.

ಅಕ್ಟೋಬರ್

ಹಿಂದಿನ ಸುತ್ತಿನ ಮೊದಲ ಡೋಸ್ ಮೇ 9ಕ್ಕೆ ಆಗಿತ್ತು. 24 ವಾರ ಎಂದರೆ ಅಕ್ಟೋಬರ್ 24, ಎರಡನೇ ಡೋಸ್ ನವೆಂಬರ್ 7. ಮೊದಲನೆಯದು ಹಳೆಯ ಕವರ್ ಒಳಗೆ, ಎರಡನೆಯದು ಹೊರಗೆ. ಹೊಸ ಪಾಲಿಸಿ ಯಾವ ಷರತ್ತಿನಲ್ಲಿ ಬರುತ್ತದೋ ಗೊತ್ತಿಲ್ಲ.

ಅಕ್ಕನೇ ಡಾಕ್ಟರನ್ನು ಕೇಳಿದಳು, ಇಡೀ ಸುತ್ತನ್ನು ಎರಡು ವಾರ ಮುಂಚೆಯೇ ಮಾಡಬಹುದಾ ಎಂದು. ಇದು ವಿಮೆಯವರ ತೀರ್ಮಾನವಲ್ಲ, ನಮ್ಮದೂ ಅಲ್ಲ, ಡಾಕ್ಟರದು. ಒಂದು ಸುತ್ತಿಗೂ ಇನ್ನೊಂದಕ್ಕೂ 16 ವಾರಕ್ಕಿಂತ ಕಡಿಮೆ ಅಂತರ ಇರಬಾರದು, 22 ವಾರ ಆಗಿದೆಯಲ್ಲ, ಬೆಳಗಿನ ಬಿಗಿತವೂ ಮತ್ತೆ ಶುರುವಾಗಿದೆ, ಕೊಡಬಹುದು ಎಂದು ರಕ್ತ ಪರೀಕ್ಷೆ ನೋಡಿ ಹೇಳಿದರು. ಅಕ್ಟೋಬರ್ 10 ಮತ್ತು 24ಕ್ಕೆ ನಿಗದಿಯಾಯಿತು. ಕೆಲಸ ಬಿಡುವ ಮುಂಚೆ ಡಾಕ್ಟರ ಜತೆ ಕ್ಯಾಲೆಂಡರ್ ಇಟ್ಟುಕೊಂಡು ಮಾತಾಡಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಆ ಒಂದು ಪ್ರಶ್ನೆಯಿಂದ ನಮಗೆ ಮಾರ್ಚ್ ಕೊನೆಯವರೆಗೂ ಉಸಿರಾಡಲು ಜಾಗ ಸಿಕ್ಕಿತು.

ಅಕ್ಟೋಬರ್ 10ರ ಸಂಜೆ ಅಕ್ಕ ಡ್ರಿಪ್ ಮುಗಿಸಿ ಬಂದಳು, ಮರುದಿನ ಆಯುಧಪೂಜೆ. ಕಾರ್ಖಾನೆಯಲ್ಲಿ ಭಾವನ ಕೊನೆಯ ಪೂಜೆ. ಅವರ ಮಷೀನಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಪುರಿ ಸಕ್ಕರೆ ಹಂಚಿದರಂತೆ. ಭಾವ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಪುರಿ ಪೊಟ್ಟಣ ಟೇಬಲ್ ಮೇಲಿಟ್ಟು ಹೋಗಿ ಮಲಗಿದರು.

ವಿಮಾ ಕಂಪನಿ ಸಿಆರ್‌ಪಿ, ಇಎಸ್ಆರ್, ಲಿವರ್ ಪರೀಕ್ಷೆ, ಎದೆಯ ಎಕ್ಸ್‌ರೇ ಕೇಳಿತ್ತು. ಕೊಟ್ಟಾಗಿತ್ತು. ದಸರಾ ರಜೆ ಎಂದು ಎಲ್ಲ ನಿಧಾನ. ನಿರ್ಧಾರ ಬಂದದ್ದು ಅಕ್ಟೋಬರ್ 18ಕ್ಕೆ. ಪಾಲಿಸಿ ಕೊಡುತ್ತೇವೆ, 5 ಲಕ್ಷ, ಅಕ್ಕನ ಕಾಯಿಲೆಗಾಗಿ ಪ್ರೀಮಿಯಂ ಮೇಲೆ ಲೋಡಿಂಗ್ (ಹೆಚ್ಚುವರಿ ಹಣ), ಮೊದಲೇ ಇರುವ ಕಾಯಿಲೆಗೆ ಇನ್ನೂ 12 ತಿಂಗಳು ಕಾಯಬೇಕು.

ಹನ್ನೆರಡು ಎಲ್ಲಿಂದ ಬಂತು? ಇಲ್ಲೇ ಈ ಪ್ರಕರಣದ ಗಂಟು ಇರುವುದು, ಹಾಗಾಗಿ ನಿಧಾನವಾಗಿ ಬಿಡಿಸುತ್ತೇನೆ.

ಕಾರ್ಖಾನೆ 2022ರ ಏಪ್ರಿಲ್ 1ಕ್ಕೆ ವಿಮಾ ಕಂಪನಿ ಬದಲಿಸಿತ್ತು. ನೌಕರರಿಗೆ ಸಿಕ್ಕಿದ್ದು ಹೊಸ ಬಣ್ಣದ ಇ-ಕಾರ್ಡ್ ಮಾತ್ರ, ಯಾರೂ ಗಮನಿಸಲಿಲ್ಲ. ಈಗಿನ ಕಂಪನಿ ತನ್ನ ಬಳಿ ಇದ್ದ ಕಾಲವನ್ನಷ್ಟೇ ಎಣಿಸಿತ್ತು. 2022ರ ಏಪ್ರಿಲ್‌ನಿಂದ 2024ರ ಅಕ್ಟೋಬರ್‌ವರೆಗೆ 31 ತಿಂಗಳು. ಅದರಲ್ಲೂ ಪೂರ್ತಿಯಾದ ಪಾಲಿಸಿ ವರ್ಷ ಎರಡು ಎಂದು 24 ತಿಂಗಳು ಹಿಡಿದು, 36ರಲ್ಲಿ ಕಳೆದು 12 ಉಳಿಸಿತ್ತು. ಅಕ್ಕ ನಿಜವಾಗಿ ವಿಮೆಯೊಳಗೆ ಇದ್ದದ್ದು 2017ರ ಅಕ್ಟೋಬರ್‌ನಿಂದ, ಒಟ್ಟು 85 ತಿಂಗಳು. ಮೊದಲ 54 ತಿಂಗಳು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಆ 54 ಸೇರಿದರೆ ಕಾಯುವ ಅವಧಿ ಮುಗಿದದ್ದಷ್ಟೇ ಅಲ್ಲ, 60 ತಿಂಗಳ ಮೊರಟೋರಿಯಂ ಕೂಡ ಮುಗಿದಿರುತ್ತದೆ.

ಆದರೆ ಅದನ್ನು ತೋರಿಸಲು ಕಾಗದ ಬೇಕು. ಭಾವನ ಹತ್ತಿರ ಇದ್ದದ್ದು ಹಳೇ ಕಾರ್ಡಿನ ಒಂದು ಮಸುಕು ಫೋಟೋ. ಕೊನೆಗೆ ನೆರವಾದದ್ದು ಕಾರ್ಖಾನೆಯ ಪೇರೋಲ್ ವಿಭಾಗದ ಹುಡುಗಿ. ಅವಳೇ ಹಳೆಯ ಫೈಲುಗಳಲ್ಲಿ ಹುಡುಕಿ ಪ್ರತಿ ವರ್ಷದ ಗುಂಪು ಪಾಲಿಸಿಯ ಷೆಡ್ಯೂಲ್ ತೆಗೆದುಕೊಟ್ಟಳು, ಜತೆಗೆ 2017ರ ಅಕ್ಟೋಬರ್‌ನಲ್ಲಿ ಹೊಸದಾಗಿ ಸೇರಿದವರ ಪಟ್ಟಿ. ಕ್ರಮಸಂಖ್ಯೆ 214ರಲ್ಲಿ ಅಕ್ಕನ ಹೆಸರು, ಸಂಬಂಧ: ಪತ್ನಿ. ಆ ಸಾಲಿನ ಮೇಲೆ ಅಕ್ಕ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಪ್ರತಿ ಷೆಡ್ಯೂಲಿನ ಕೊನೆಯ ದಿನಾಂಕ ಮತ್ತು ಮುಂದಿನದರ ಮೊದಲ ದಿನಾಂಕ ಜೋಡಿಸಿ ನೋಡಿದೆವು. ಮಾರ್ಚ್ 31, ಏಪ್ರಿಲ್ 1, ಮತ್ತೆ ಮಾರ್ಚ್ 31, ಏಪ್ರಿಲ್ 1. ನಡುವೆ ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ಹಳೆಯ ಕಂಪನಿ ಕೊಟ್ಟಿದ್ದ ಎರಡು ಕ್ಲೇಮಿನ ಪತ್ರಗಳೂ ಇಮೇಲಿನಲ್ಲಿ ಸಿಕ್ಕವು, ಎರಡರಲ್ಲೂ ಕಾಯಿಲೆಯ ಹೆಸರು ಇತ್ತು. ಕಾಯಿಲೆ ಗೊತ್ತಿದ್ದೇ ಹಣ ಕೊಟ್ಟಿದ್ದರು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಈ ಕಾಗದಗಳನ್ನು ಕೆಲಸ ಬಿಟ್ಟ ಮೇಲೆ ಪಡೆಯುವುದು ಎಷ್ಟು ಕಷ್ಟವೆಂದು ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಇಮೇಲ್ ಖಾತೆ ಮುಚ್ಚಿರುತ್ತದೆ, ಗೇಟಿನೊಳಗೆ ಬಿಡುವುದಿಲ್ಲ, ಪೇರೋಲಿನಲ್ಲಿ ಪರಿಚಯದವರು ಇರುವುದಿಲ್ಲ.

ಅಕ್ಟೋಬರ್ 21ಕ್ಕೆ ಎಲ್ಲ ಲಗತ್ತಿಸಿ ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು. 54 ತಿಂಗಳ ಲೆಕ್ಕವನ್ನು ಒಂದು ಕೋಷ್ಟಕ ಮಾಡಿ ಮೊದಲ ಪುಟದಲ್ಲೇ ಇಟ್ಟೆ. ಉತ್ತರ ಬರಲಿಲ್ಲ. 24ಕ್ಕೆ ಎರಡನೇ ಡೋಸ್ ಆಯಿತು. 28 ಬಂತು. ಗುರುವಾರ 31ಕ್ಕೆ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ. ಹಬ್ಬದ ಸಾಲು ಶುರುವಾದರೆ ಫೋನ್ ಎತ್ತುವವರೂ ಇರುವುದಿಲ್ಲ.

ಭಾವನಿಗೆ ಸ್ವಾಭಿಮಾನ. "ತಪ್ಪು ಲೆಕ್ಕಕ್ಕೆ ದುಡ್ಡು ಕಟ್ಟಲ್ಲ, ಮೊದಲು ಸರಿ ಮಾಡಲಿ" ಅಂದರು.

"ಭಾವ, ಮೊದಲು ಕಟ್ಟಿ. ಜಗಳ ಆಮೇಲೆ ಆಡೋಣ. ನವೆಂಬರ್ ಒಂದನೇ ತಾರೀಖು ಬಿಟ್ಟುಹೋದ್ರೆ 85 ತಿಂಗಳೂ ಹೋಯ್ತು."

ಅಕ್ಕ ಒಳಗಿನಿಂದಲೇ, "ಕಟ್ರೀ ಸುಮ್ಮನೆ" ಎಂದಳು. ಕಟ್ಟಿದರು. ಲೋಡಿಂಗ್ ಸೇರಿ 29,600, ಅದರ ಮೇಲೆ 18% ಜಿಎಸ್‌ಟಿ 5,328, ಒಟ್ಟು 34,928 ರೂಪಾಯಿ. ಜತೆಗೇ ಒಂದು ಇಮೇಲ್: ಕಾಯುವ ಅವಧಿಯ ಲೆಕ್ಕವನ್ನು ನಾವು ಒಪ್ಪಿಲ್ಲ, ರಕ್ಷಣೆ ತುಂಡಾಗಬಾರದು ಎಂಬ ಕಾರಣಕ್ಕೆ ಪ್ರೀಮಿಯಂ ಕಟ್ಟುತ್ತಿದ್ದೇವೆ, 21ರ ದೂರು ಹಾಗೇ ಇದೆ. ಹಳೆಯ ಕವರ್ ಮುಗಿದ ಕ್ಷಣಕ್ಕೇ ಹೊಸ ಪಾಲಿಸಿ ಶುರುವಾಯಿತು.

ತಿದ್ದುಪಡಿ

ದೂರು ಕೊಟ್ಟು ತಿಂಗಳಾದರೂ ಕಂಪನಿ ಪರಿಹರಿಸದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಬಗೆಹರಿಸುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿ ಇಲ್ಲ ಎಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ನವೆಂಬರ್ 22ಕ್ಕೆ ನಾವು ಒಂಬುಡ್ಸ್‌ಮನ್‌ಗೆ ಬರೆದ ಅರ್ಜಿಯ ಕರಡನ್ನೇ ಲಗತ್ತಿಸಿ ಕಂಪನಿಗೆ ಎರಡನೇ ಪತ್ರ ಕಳಿಸಿದೆವು. ಡಿಸೆಂಬರ್ 6ಕ್ಕೆ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ಬಂತು.

ಪೂರ್ತಿ ಗೆಲುವಲ್ಲ. ಹಳೆಯ ಕಂಪನಿಯಲ್ಲಿ ವಿಮಾ ಮೊತ್ತ 3 ಲಕ್ಷ ಇತ್ತು, 5 ಲಕ್ಷ ಆದದ್ದು 2022ರಲ್ಲಿ. ಹಿಂದಿನ ಕಾಲದ ಲಾಭ ಸಿಗುವುದು ಆಗ ಇದ್ದ ಮೊತ್ತಕ್ಕೆ ಮಾತ್ರ, ಹೆಚ್ಚಿಸಿದ ಭಾಗಕ್ಕೆ ಕಾಯುವ ಲೆಕ್ಕ ಹೆಚ್ಚಿಸಿದ ದಿನದಿಂದ. ಹಾಗಾಗಿ 3 ಲಕ್ಷಕ್ಕೆ ಆರ್‌ಎಗೆ ಕಾಯುವಂತಿಲ್ಲ, ಉಳಿದ 2 ಲಕ್ಷಕ್ಕೆ 12 ತಿಂಗಳು ಉಳಿಯಿತು. ಆ 2 ಲಕ್ಷಕ್ಕೂ 31 ತಿಂಗಳು ಎಣಿಸಿ ಎಂದು ಕೇಳಬಹುದಿತ್ತು. ಒಂದು ವರ್ಷದಲ್ಲಿ 3 ಲಕ್ಷ ದಾಟುವ ಸಾಧ್ಯತೆ ಕಡಿಮೆ ಎಂದು ಬಿಟ್ಟೆವು. ಅಕ್ಕನಿಗೂ ಅಷ್ಟು ಹೊತ್ತಿಗೆ ಪತ್ರ ಬರೆದು ಬರೆದು ಸಾಕಾಗಿತ್ತು.

ಲೋಡಿಂಗ್ ಹಾಗೇ ಉಳಿಯಿತು. ಪಾಲಿಸಿಯ ಒಳಪುಟದಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಮೊನೊಕ್ಲೋನಲ್ ಆಂಟಿಬಾಡಿ (ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯದ ಔಷಧಿ) ಚಿಕಿತ್ಸೆಗೆ ಒಳಮಿತಿ, ಅಂದರೆ ಒಟ್ಟು ಮೊತ್ತ ಎಷ್ಟಿದ್ದರೂ ಆ ಚಿಕಿತ್ಸೆಗೆ ಇಷ್ಟೇ ಎಂಬ ಗೆರೆ. 2019ರಲ್ಲಿ ಐಆರ್‌ಡಿಎಐ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಹೊರಗಿಡಬಾರದು ಎಂದು ಪಟ್ಟಿ ಮಾಡಿತು, ಇಂಜೆಕ್ಷನ್ ರೂಪದ ಮೊನೊಕ್ಲೋನಲ್ ಆಂಟಿಬಾಡಿ ಅದರಲ್ಲಿ ಒಂದು. ರಿಟುಕ್ಸಿಮ್ಯಾಬ್ ಆ ಜಾತಿಯದೇ. ಹೊರಗಿಡುವಂತಿಲ್ಲ, ಮಿತಿ ಹಾಕಬಹುದು. ಹಿಂದಿನ ಬಿಲ್ಲು ಇಟ್ಟು ಹೋಲಿಸಿದೆವು, ಮಿತಿಯೊಳಗೇ ಇತ್ತು. ಪಾಲಿಸಿ ಕೊಳ್ಳುವಾಗ ಒಟ್ಟು ಮೊತ್ತ ನೋಡಿ ಖುಷಿಪಡುವವರು ತಮ್ಮ ಚಿಕಿತ್ಸೆಯ ಹೆಸರು ಹಿಡಿದು ಈ ಸಾಲನ್ನು ಹುಡುಕಲೇಬೇಕು.

ಮಾರ್ಚ್ 27

ಹೊಸ ಪಾಲಿಸಿಯಲ್ಲಿ ಮೊದಲ ಡ್ರಿಪ್ 2025ರ ಮಾರ್ಚ್ 27ಕ್ಕೆ. ನಾನೂ ಹೋಗಿದ್ದೆ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನವರು ಕ್ಯಾಷ್‌ಲೆಸ್ ಕೇಳಿ ಕಳಿಸಿದರು. ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಎಂಬುದು 2024ರ ನಿಯಮ, ಕೊಟ್ಟರು: ತಿರಸ್ಕೃತ. ಕಾರಣ, ಪಾಲಿಸಿ ಶುರುವಾಗಿ ಐದು ತಿಂಗಳಷ್ಟೇ ಆಗಿದೆ, ಕಾಯಿಲೆ ಮೊದಲೇ ಇತ್ತು.

ಅಕ್ಕ ಆಗಲೇ ಮಂಚದ ಮೇಲಿದ್ದಳು, ಕೈಗೆ ಸೂಜಿ ಹಾಕಿಯಾಗಿತ್ತು. ಭಾವನ ಮುಖ ಬಿಳುಚಿಕೊಂಡಿತು. ಅಕ್ಕ ಮಾತ್ರ ಇನ್ನೊಂದು ಕೈಯಿಂದ ಬ್ಯಾಗಿನ ಕಡೆ ತೋರಿಸಿ, "ನೀಲಿ ಫೈಲು, ಮೊದಲನೇ ಕಾಗದ" ಎಂದಳು. ಎಂಡಾರ್ಸ್‌ಮೆಂಟ್ ಸ್ಕ್ಯಾನ್ ಮಾಡಿ ಮತ್ತೆ ಕಳಿಸಿದರು. ಮಧ್ಯಾಹ್ನ ಎರಡೂಕಾಲಿಗೆ ಒಪ್ಪಿಗೆ ಬಂತು. ಡ್ರಿಪ್ ಅಷ್ಟು ಹೊತ್ತಿಗೆ ಶುರುವಾಗಿ ಹನಿ ಹನಿಯಾಗಿ ಇಳಿಯುತ್ತಿತ್ತು. ನರ್ಸ್ ಅರ್ಧ ಗಂಟೆಗೊಮ್ಮೆ ವೇಗ ಏರಿಸಿ ಬಿಪಿ ನೋಡಿ ಹೋಗುತ್ತಿದ್ದರು. ಅಕ್ಕ ನಿದ್ದೆಹೋದಳು.

ಭಾವನಿಗೆ ಜೂನ್‌ನಲ್ಲಿ ದಾಬಸ್‌ಪೇಟೆಯ ಒಂದು ಕಡೆ ಕೆಲಸ ಸಿಕ್ಕಿತು. ಅಲ್ಲೂ ಗುಂಪು ವಿಮೆ ಇದೆ, 2 ಲಕ್ಷದ್ದು. ಇನ್ನು ಆ ದುಬಾರಿ ಪಾಲಿಸಿ ಯಾಕೆ ಎಂದು ನೆಂಟರೆಲ್ಲ ಕೇಳಿದರು. ಭಾವನಿಗೂ ಒಂದು ಕ್ಷಣ ಹಾಗನ್ನಿಸಿತು. ಆದರೆ ನೌಕರಿಯ ವಿಮೆ ನೌಕರಿಯ ಜತೆಗೇ ಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು. 2025ರ ನವೆಂಬರ್‌ನಲ್ಲಿ ನವೀಕರಣ ಮಾಡಿಸಿದರು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದರಿಂದ ರಸೀದಿಯ ಆ ಸಾಲಿನಲ್ಲಿ ಸೊನ್ನೆ ಇತ್ತು. ಉಳಿದ 2 ಲಕ್ಷದ ಕಾಯುವ ಅವಧಿಯೂ ಅದಕ್ಕೆ ಹಿಂದಿನ ದಿನ ಮುಗಿದಿತ್ತು.

ಹೊಸ ಕಾರ್ಖಾನೆಗೆ ಸೇರಿದ ವಾರ ಕುಟುಂಬದವರ ವಿವರದ ಫಾರಂ ಮನೆಗೆ ಬಂದಿತ್ತು. ಭಾವ ಊಟದ ಮೇಜಿನ ಮೇಲೆ ತುಂಬುತ್ತಾ ಕೂತಿದ್ದರು. ಹೆಸರು, ಹುಟ್ಟಿದ ದಿನ, ರಕ್ತದ ಗುಂಪು. "ಈಗಾಗಲೇ ಇರುವ ಕಾಯಿಲೆ" ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಬರೀರಿ," ಎಂದಳು ಅಕ್ಕ. "ವರ್ಷ ಸಮೇತ ಪೂರ್ತಿ ಬರೀರಿ. ಆಮೇಲೆ ಒಂದು ಜೆರಾಕ್ಸ್ ನನ್ನ ಫೈಲಿಗೆ."